ಹಳೆ ಚೈನು ವಾಪಸ್ ಕೊಡದ ಮುದ್ದಯ್ಯ

ಬೆಳಗಿನ ಆರು ಗಂಟೆ ಇನ್ನೂ ಆಗಿಲ್ಲ. ಗುಬ್ಬಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಹಾಲು ಸಾಗಿಸುವ ಬೈಕೊಂದು ನಡುವಿನ ಸ್ಟ್ಯಾಂಡಿನ ಮೇಲೆ ನಿಂತಿದೆ. ಕ್ಯಾನುಗಳನ್ನು ಇಳಿಸಿ ಗೋಡೆಗೆ ಒರಗಿಸಿದ್ದಾರೆ. ಗೋಣಿಚೀಲದ ಮೇಲೆ ಕುಕ್ಕರಗಾಲಲ್ಲಿ ಕೂತ ಮುದ್ದಯ್ಯ, ಹಿಂದಿನ ಚಕ್ರದ ಚೈನನ್ನು ಎರಡು ಬೆರಳಲ್ಲಿ ಹಿಡಿದು ತಮ್ಮ ಕಡೆಗೆ ಎಳೆಯುತ್ತಾರೆ. ಚೈನು ಸ್ಪ್ರಾಕೆಟ್ಟಿನ ಹಲ್ಲು ಬಿಟ್ಟು ಮೇಲೆದ್ದು ಬರುತ್ತದೆ. "ಮುಗೀತು ಕಣಪ್ಪ ಇದ್ರ ಕತೆ" ಅನ್ನುತ್ತಾರೆ.

ಗಾಡಿಯ ಮಾಲೀಕ ಚನ್ನವೀರಯ್ಯನವರಿಗೆ ಅವಸರ. ಹಾಲು ಒಡೆದೀತೆಂಬ ಚಿಂತೆ. "ಬರೀ ಚೈನ್ ಹಾಕ್ಬುಡಿ ಸಾಕು, ಸ್ಪ್ರಾಕೆಟ್ ಆಮೇಲ್ ನೋಡಣ" ಎಂದು ಒಂದು ಕಲ್ಲು ಎಸೆದು ನೋಡುತ್ತಾರೆ. ಮುದ್ದಯ್ಯ ತಲೆ ಎತ್ತುವುದಿಲ್ಲ. "ಹಲ್ಲು ನೋಡಿ, ಕುಡ್ಲು ಬಗ್ಗಿದಂಗೆ ಬಗ್ಗವೆ. ಹೊಸ ಚೈನ್‌ನ ಮೂರೇ ತಿಂಗ್ಳಿಗೆ ತಿಂದಾಕ್ತವೆ. ಮುಂದಿಂದು, ಹಿಂದಿಂದು, ಚೈನು, ಮೂರೂ ಹಾಕ್ಸಂಗಿದ್ರೆ ಬಿಚ್ತೀನಿ. ಇಲ್ದಿದ್ರೆ ಕ್ಯಾನ್ ಎತ್ಕೊಂಡು ಹೊರಡಿ." ಚನ್ನವೀರಯ್ಯ ಗೊಣಗಿಕೊಂಡೇ ಒಪ್ಪುತ್ತಾರೆ.

ಮುಕ್ಕಾಲು ಗಂಟೆಯ ಕೆಲಸ. ಚಕ್ರ ಬಿಚ್ಚಿ, ಮಣ್ಣು ಬೆರೆತ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಹಲ್ಲುಚಕ್ರಗಳನ್ನು ಕೂರಿಸಿ, ಚೈನು ಸುತ್ತಿ, ಕೊನೆಗೆ ಅದರ ಎರಡು ತುದಿ ಸೇರಿಸುವ, ಬೆರಳ ಉಗುರಿನಷ್ಟಿರುವ ಲಾಕ್ ಹಾಕುತ್ತಾರೆ. ಅದರ ಬಾಯಿ ಚೈನು ಓಡುವ ದಿಕ್ಕಿಗೆ ಬೆನ್ನು ಮಾಡಿರಬೇಕು. ತಿರುಗಿಸಿ ಹಾಕಿದರೆ ದಾರಿಯಲ್ಲಿ ಕಳಚಿಕೊಳ್ಳುತ್ತದೆ. ಹಾಕಿದ ಮೇಲೂ ಮುದ್ದಯ್ಯ ಮೂರು ಸಲ ಬಗ್ಗಿ ನೋಡುತ್ತಾರೆ. ಗಿರಾಕಿಗೆ ಕೈಗಡಿಯಾರ ನೋಡುವ ಕೆಲಸ.

ಆಮೇಲೆ ಶುರುವಾಗುವುದೇ ಜಗಳ. ಬಿಚ್ಚಿದ ಹಳೆ ಚೈನನ್ನು ಮುದ್ದಯ್ಯ ಕಬ್ಬಿಣದ ದಿಮ್ಮಿಯ ಮೇಲಿಟ್ಟು, ಉಳಿ ಹಿಡಿದು, ಸುತ್ತಿಗೆಯಿಂದ ಬಡಿದು ಮೂರು ತುಂಡು ಮಾಡುತ್ತಾರೆ. ಅದೂ ಗಿರಾಕಿಯ ಕಣ್ಣೆದುರಿಗೇ.

"ಅಯ್ಯೋ, ಕೊಟ್ಟಿಗೆ ಬಾಗ್ಲಿಗೆ ಕಟ್ಕೋತಿದ್ನಲ್ಲ ಸ್ವಾಮಿ!"

"ಕಟ್ಕೊಳಕ್ಕೆ ಹಗ್ಗ ಐತೆ."

ಗುಬ್ಬಿಯಲ್ಲಿ ಇದಕ್ಕೆ 'ಚೈನ್ ಮುದ್ದಯ್ಯನ ಹುಚ್ಚು' ಎಂದೇ ಹೆಸರು. ನಮ್ಮ ಕಡೆ ಹಳೆ ಚೈನಿಗೆ ಇರುವ ಮರ್ಯಾದೆ ಹೊಸದಕ್ಕೂ ಇಲ್ಲ. ಗೇಟಿಗೆ ಬಿಗಿಯಲು, ನಾಯಿ ಕಟ್ಟಲು, ಬೋರಿನ ಮೋಟಾರು ಎತ್ತಲು ಎಲ್ಲದಕ್ಕೂ ಅದೇ ಬೇಕು. ತುಮಕೂರಿನ ಉಪ್ಪಾರಹಳ್ಳಿಯಲ್ಲಿರುವ ನನ್ನ ಮನೆಯ ಗೇಟಿಗೂ ಅಂಥದ್ದೇ ಒಂದು ನೇತಾಡುತ್ತಿದೆ. ಹೋದ ತಿಂಗಳು ನನ್ನ ಬೈಕು ಇಲ್ಲಿ ಕೈಕೊಟ್ಟಾಗ ಮುದ್ದಯ್ಯ ನನ್ನ ಚೈನನ್ನೂ ಹೀಗೇ ಕತ್ತರಿಸಿದರು. ನಾನು ಕೂಗಾಡಿದೆ, ಸುಳ್ಳು ಹೇಳುವುದಿಲ್ಲ. ಕೂಗಾಟ ಮುಗಿದ ಮೇಲೆ ಅವರು ಕುಡಿಸಿದ ಟೀ ಕುಡಿಯುತ್ತಾ, ಪತ್ರಿಕೆಗೆ ಬರೆಯುವವನ ಕುತೂಹಲದಿಂದ ಕಾರಣ ಕೇಳಿದೆ. ಅವತ್ತು ಹೇಳಲಿಲ್ಲ. ಮೂರನೆಯ ಸಲ ಹೋದಾಗ ಹೇಳಿದರು.

ಮುದ್ದಯ್ಯನವರಿಗೆ ಈಗ ನಲವತ್ತೊಂಬತ್ತು. ಓದು ಐದನೇ ಕ್ಲಾಸಿಗೆ ನಿಂತಿತು. ತುಮಕೂರಿನ ಗ್ಯಾರೇಜೊಂದರಲ್ಲಿ ಆರು ವರ್ಷ ದುಡಿದು, ೧೯೮೪ರಲ್ಲಿ ಇಲ್ಲಿ ಅಂಗಡಿ ಹಾಕಿದರು. ಮೊದಲು ಎಲ್ಲ ರಿಪೇರಿಯೂ ಇತ್ತು. ಹತ್ತು ವರ್ಷದಿಂದ ಚೈನು, ಸ್ಪ್ರಾಕೆಟ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ದಿನಕ್ಕೆ ಮೂರು ಗಾಡಿ, ಹೆಚ್ಚೆಂದರೆ ನಾಲ್ಕು. ಹಳೆ ಚೈನು ಕೊಡುವುದಿಲ್ಲ ಎನ್ನುವ ಕಾರಣಕ್ಕೆ ಬೇರೆ ಅಂಗಡಿ ಹುಡುಕಿಕೊಂಡು ಹೋದವರೂ ಬೇಕಾದಷ್ಟಿದ್ದಾರೆ.

"ನಮ್ಮ ತಂಗಿ ಸಿದ್ದಲಕ್ಷ್ಮಿನ ಇಲ್ಲೇ ಹತ್ತಿರದ ಕಡಬಕ್ಕೆ ಕೊಟ್ಟಿತ್ತು" ಎಂದು ಅವರು ಶುರು ಮಾಡುತ್ತಾರೆ. "ತೊಂಬತ್ತಾರನೇ ಇಸ್ವಿ ಆಷಾಢ. ಅವಳ ಗಂಡ ರಂಗನಾಥ ಗಾಡಿ ತಂದ. ಚೈನು ಪೂರ್ತಿ ಸವೆದಿತ್ತು. ಹೊಸ ಸೆಟ್ಟು ಅಂಗ್ಡೀಲಿ ಇರ್ಲಿಲ್ಲ. ವಾರ ಬಿಟ್ಟು ಬರ್ತೀನಿ ಬಾವ ಅಂದ. ನಾನೇ ತಡ್ದೆ. ಬೆಳಿಗ್ಗೆ ಒಬ್ರು ಗಾಡೀಲಿ ಬಿಚ್ಚಿದ್ದ ಚೈನಿತ್ತು. ಸೀಮೆಎಣ್ಣೇಲಿ ತೊಳ್ದೆ, ಹೊಸದ್ರಂಗೆ ಕಾಣ್ತು. ಎರಡು ಕೊಂಡಿ ತೆಗ್ದು ಗಿಡ್ಡ ಮಾಡಿ ಹಾಕ್ದೆ. ಮನೇಲಿ ತಂಗಿ ಹೊಸದೇ ಅಂದ್ಕೊಂಡ್ಲು. ಅವನು ಹಾಕು ಅಂತ ಕೇಳ್ಲಿಲ್ಲ ಸ್ವಾಮಿ. ನಾನೇ ಹಾಕ್ದೆ."

ಒಂಬತ್ತನೆಯ ದಿನ ಕಡಬದ ಕೆರೆ ಏರಿಯ ಮೇಲೆ ಆ ಚೈನು ತುಂಡಾಯಿತು. ಚಕ್ರಕ್ಕೆ ಸುತ್ತಿಕೊಂಡು ಓಡುತ್ತಿದ್ದ ಗಾಡಿ ಗಕ್ಕನೆ ಕಚ್ಚಿಕೊಂಡಿತು. ರಂಗನಾಥ ಕಲ್ಲಿನ ಮೇಲೆ ಬಿದ್ದರು. ತುಮಕೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಮಗಳು ಯಶಸ್ವಿನಿಗೆ ಆಗ ಆರು ವರ್ಷ.

"ಮಣ್ಣು ಮಾಡೋ ಹೊತ್ತಲ್ಲಿ ತಂಗಿ ಎದೆ ಬಡ್ಕೊಂಡು ಅಳ್ತಿದ್ಲು. ನಮ್ಮಣ್ಣ ಹೊಸ ಚೈನ್ ಹಾಕಿದ್ನಲ್ಲ, ಹೊಸದೇ ಕಿತ್ಕೊಂಡ್ತಲ್ಲ, ಇದೆಂಥ ಹಣೆಬರ ಅಂತ. ಸುತ್ತ ಇದ್ದೋರೂ ಹೌದು ಹೌದು ಅಂದ್ರು. ಹೊಸದಲ್ಲ ಕಣವ್ವ ಅನ್ನಕ್ಕೆ ಬಾಯಿ ತೆಗ್ದೆ. ಬರ್ಲಿಲ್ಲ." ಮುದ್ದಯ್ಯ ಅಂಗೈಯನ್ನು ಬಟ್ಟೆಗೆ ಒರೆಸುತ್ತಲೇ ಇರುತ್ತಾರೆ. ಒರೆಸಲು ಅಲ್ಲಿ ಏನೂ ಉಳಿದಿಲ್ಲ.

ಅವತ್ತಿನಿಂದ ಅವರು ಆ ಮನೆಯ ಹೊಸಿಲು ತುಳಿದಿಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ತಪ್ಪದೆ ತಂಗಿಗೆ ಬಾಗಿನ ಹೊತ್ತು ಹೋಗುತ್ತಿದ್ದವರು. ಗಂಡ ತೀರಿದವಳಿಗೆ ಬಾಗಿನ ಕೊಡುವ ಹಾಗಿಲ್ಲ ಎನ್ನುವ ಪದ್ಧತಿಯೇ ಒಳ್ಳೆಯ ನೆಪವಾಯಿತು. ಯಾಕೆ ಹೋಗಲಿಲ್ಲ ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಹೆಂಡತಿ ಹೊಂಬಾಳಮ್ಮನ ಕೈಯಲ್ಲಿ ಸೀರೆ, ಮಗುವಿಗೆ ಪುಸ್ತಕ ಕಳಿಸಿ, 'ಗಿರಾಕಿ ಜಾಸ್ತಿ, ನೀನ್ ಹೋಗ್ಬಾ' ಎಂದುಬಿಡುತ್ತಿದ್ದರು. ನಿಜ ಏನೆಂದು ಹೆಂಡತಿಗೂ ಹೇಳಲಿಲ್ಲ.

"ಇದ್ನೆಲ್ಲ ಪೇಪರ್‌ನಲ್ಲಿ ಬರೀರಿ" ಎಂದು ಮುದ್ದಯ್ಯ ಇದ್ದಕ್ಕಿದ್ದಂತೆ ಹೇಳುತ್ತಾರೆ. "ಯಶಸ್ವಿನಿ ಓದ್ತಾಳೆ, ಅವ್ವಂಗೆ ಹೇಳ್ತಾಳೆ. ನನ್ ಬಾಯಿಂದಂತೂ ಆಗಲ್ಲ."

ನನಗೆ ಸಿಟ್ಟು ಬಂತು. ಹತ್ತು ವರ್ಷ ನುಂಗಿದ್ದನ್ನು ಒಬ್ಬ ತಂಗಿ ಭಾನುವಾರದ ಪುರವಣಿಯಲ್ಲಿ ಓದಿ ತಿಳಿಯಬೇಕೆ? ನೀವು ಮೊದಲು ಹೇಳಿ, ಆಮೇಲೆ ಬರೆಯುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದೆ. ಎರಡು ದಿನ ಬಿಟ್ಟು ಅವರು ಫೋನ್ ಮಾಡಿದರು. ಒಬ್ಬನೇ ಹೋಗಲಾರೆ, ಜೊತೆಗೆ ಬನ್ನಿ ಎಂದರು.

ಹೀಗೆ ನಾವಿಬ್ಬರೂ ಈಗ ಕಡಬದ ಹೆಂಚಿನ ಮನೆಯ ಜಗಲಿಯ ಮೇಲೆ ಕೂತಿದ್ದೇವೆ. ಸಿದ್ದಲಕ್ಷ್ಮಮ್ಮ ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಆಗಷ್ಟೇ ಮನೆಗೆ ಬಂದಿದ್ದಾರೆ. ಅಣ್ಣನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ನೀರು ತಂದಿಟ್ಟರು. ಮುದ್ದಯ್ಯ ನೀರು ಮುಟ್ಟದೆ, ನೆಲ ನೋಡಿಕೊಂಡು, ತೊಳೆದ ಚೈನು, ತೆಗೆದ ಎರಡು ಕೊಂಡಿ, ಎಲ್ಲವನ್ನೂ ಹೇಳಿದರು. ಹೇಳಿದ್ದನ್ನೇ ಮತ್ತೆ ಹೇಳಿದರು. ನನಗೆ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು.

ಸಿದ್ದಲಕ್ಷ್ಮಮ್ಮ ಕಂಬಕ್ಕೆ ಒರಗಿ ಕೂರುತ್ತಾರೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಹಳೇದು ಅಂತ ಅವತ್ತೇ ಹೇಳಿದ್ರೆ ಬೈದಿರ್ತಿದ್ದೆ. ಒಂದ್ ವರ್ಷ ಮಾತು ಬುಡ್ತಿದ್ನೇನೋ. ಆಮೇಲ್ ಸರಿಹೋಗಿರ್ತಿತ್ತು" ಎಂದು ನಿಧಾನವಾಗಿ ಶುರು ಮಾಡುತ್ತಾರೆ. "ನಾನೇನ್ ಅಂದ್ಕೊಂಡಿದ್ದೆ ಗೊತ್ತೇನಣ್ಣ? ಕುಂಕುಮ ಅಳಿಸ್ಕೊಂಡೋಳ ಮುಖ ಹಬ್ಬದ ದಿನ ಯಾಕ್ ನೋಡ್ಬೇಕು ಅಂತ ನೀನೂ ಬುಟ್ಬುಟ್ಟೆ ಅಂತ. ಊರೋರು ಶುಭಕಾರ್ಯಕ್ಕೆ ಕರೀದೆ ಇದ್ರೆ ಏನೂ ಅನ್ನುಸ್ತಿರ್ಲಿಲ್ಲ. ಅತ್ತಿಗೆ ಕೈಲಿ ಸೀರೆ ಬಂದಾಗೆಲ್ಲ ಒಳಗ್ ಹೋಗಿ ಅತ್ತಿವ್ನಿ. ಒಂದನ್ನೂ ಉಟ್ಟಿಲ್ಲ, ಹಂಗಂಗೇ ಅವೆ."

ಮುದ್ದಯ್ಯ ನೀರಿನ ಲೋಟ ಎತ್ತಿ, ಕುಡಿಯದೆ ಮತ್ತೆ ಕೆಳಗಿಡುತ್ತಾರೆ.

"ಅವರ್ನ ತಂದ್ಕೊಡಕ್ಕೆ ನಿನ್ ಕೈಲಿ ಆಗ್ತಿರ್ಲಿಲ್ಲ, ಸರಿ" ಎಂದು ಆಕೆ ಎದ್ದು ನಿಲ್ಲುತ್ತಾರೆ. "ಬರೋದು ಆಗ್ತಿತ್ತಲ್ಲಣ್ಣ."

ಇದನ್ನು ಬರೆಯಬಹುದೇ ಎಂದು ನಾನು ಹಿಂಜರಿಯುತ್ತಲೇ ಕೇಳಿದೆ. "ಬರ್ಕೊಳಿ. ಇಲ್ದೇ ಇರೋದ್ ಒಂದೂ ಸೇರುಸ್ಬೇಡಿ" ಎಂದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ನಾವು ಸ್ವಲ್ಪ ಹೊತ್ತು ಕಾದು ಎದ್ದೆವು.

ಗುಬ್ಬಿಗೆ ಬರುವ ದಾರಿಯುದ್ದಕ್ಕೂ ಮುದ್ದಯ್ಯ ನನ್ನ ಹಿಂದೆ ಕೂತು ಅಳುತ್ತಿದ್ದರು. ನಾನು ತಿರುಗಿ ನೋಡಲಿಲ್ಲ. ಅಂಗಡಿಯ ಮುಂದೆ ಇಳಿದ ಮೇಲೆ, ಇಂಥ ಬರಹಗಳಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಕೇಳಿದೆ: ನಿಮಗೆ ಇನ್ನೇನು ಆಸೆ?

"ಗೌರಿ ಹಬ್ಬಕ್ಕೆ ಇನ್ನ ಹದಿನೆಂಟು ದಿನ ಐತೆ. ಈ ಸಲ ನಾನೇ ಹೋಗ್ತೀನಿ" ಎಂದರು ಮುದ್ದಯ್ಯ. "ಮೊದ್ಲೆಲ್ಲ ಒಂದ್ ಗಂಟೆ ತಡವಾದ್ರೂ ಬಾಗ್ಲಲ್ಲೇ ನಿಲ್ಸಿ, ಇಷ್ಟೊತ್ತಿಗಾ ಬರೋದು ಅಂತ ಬೈತಿದ್ಲು. ಹಂಗೊಂದ್ಸಲ ಬೈದ್ರೆ ಸಾಕು ಸ್ವಾಮಿ."