ಹೋದರು ಅಂದರೆ ಕಳೆಯಬೇಕು

ಆ ಸಾಹೇಬರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಜೋಗೇಶ್ವರಿಯ ಕನ್ನಡ ಶಾಲೆಯೊಂದರಲ್ಲಿ ಮೂರನೇ ಇಯತ್ತೆಗೆ ಗಣಿತ ಕಲಿಸುತ್ತಿದ್ದೆ. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ತಾವೇ ಬೋರ್ಡಿನ ಮೇಲೆ ಲೆಕ್ಕ ಬರೆದರು: ಒಂದು ಖೋಲಿಯಿಂದ ಮೂವರು ಕೆಲಸಕ್ಕೆ ಹೋದರು. ಈಗ ಐವರು ಉಳಿದಿದ್ದಾರೆ. ಮೊದಲು ಎಷ್ಟು ಜನ ಇದ್ದರು?

"ಕೂಡಬೇಕೋ, ಕಳೆಯಬೇಕೋ?"

ಮುಂದಿನ ಸಾಲಿನ ಶಾಂತವ್ವ ಎದ್ದು ನಿಂತಳು. "ಕೂಡಬೇಕ್ರಿ."

"ತಪ್ಪು! ಹೋದರು, ಉಳಿದರು ಅಂತ ಬಂದರೆ ಕಳೆಯಬೇಕು. ಅದೇ ನಿಯಮ. ಐದರಲ್ಲಿ ಮೂರು ಹೋದರೆ ಎರಡು."

"ಈಗ ಐದ ಮಂದಿ ಅದಾರಲ್ರಿ ಸರ. ಮದಲ ಎರಡ ಮಂದಿ ಹ್ಯಾಂಗ ಇರ್ತಾರ್ರಿ?"

ಹುಡುಗಿ ಕೇಳಿದ್ದು ನ್ಯಾಯವೇ. ಅವಳ ಮನೆಯೆಂದರೆ ಪಾಳಿಯ ಮೇಲೆ ಹತ್ತು ಜನ ಮಲಗುವ ಖೋಲಿ. ಯಾರು ಹೋದರು, ಯಾರು ಉಳಿದರು ಅನ್ನುವುದು ಅವಳಿಗೆ ಕಾಲು ಚಾಚಲು ಜಾಗ ಸಿಗುತ್ತದೋ ಇಲ್ಲವೋ ಅನ್ನುವ ಪ್ರಶ್ನೆ. ಸಾಹೇಬರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ನನ್ನತ್ತ ತಿರುಗಿದರು.

"ಲೆಕ್ಕ ಬಿಟ್ಟು ವಾದ ಕಲಿಸಿದ್ದೀರಿ, ಟೀಚರಬಾಯಿ."

"ಉತ್ತರ ಎಂಟು, ಸರ್," ಅಂದೆ.

"ನಿಯಮ ಮೊದಲು, ಉತ್ತರ ಆಮೇಲೆ!"

ಸಂಜೆ ಸ್ಟೇಷನ್ನಿನಲ್ಲಿ ನಾನು ಲೇಡೀಸ್ ಡಬ್ಬಿಗೆ ಕಾಯುತ್ತಿದ್ದೆ, ಅವರು ಅದರ ಪಕ್ಕದ ಡಬ್ಬಿಗೆ. ಲೋಕಲ್ ಬಂತು. ಜನ ದಬದಬನೆ ಇಳಿದರು, ಅದರ ಎರಡರಷ್ಟು ಜನ ಒಳಗೆ ನುಗ್ಗಿದರು. ಸಾಹೇಬರು ಮಾತ್ರ ಬ್ಯಾಗು ಎದೆಗವಚಿಕೊಂಡು ಪ್ಲಾಟ್‌ಫಾರ್ಮಿನಲ್ಲೇ ಉಳಿದರು.

"ಇಷ್ಟು ಜನ ಇಳಿದರೂ ಜಾಗವೇ ಇಲ್ಲವಲ್ಲ!"

ನಾನು ಬಾಗಿಲ ಕಂಬಿಗೆ ಜೋತುಬಿದ್ದೇ ಕೂಗಿದೆ: "ಇಳಿದರು ಅಂದಮೇಲೆ ಕಳೆಯಬೇಕಲ್ಲ, ಸರ್! ಹತ್ತಿ, ಡಬ್ಬಿ ಖಾಲಿ ಇದೆ!"