ಶಿವಮಲ್ಲಮ್ಮ ಓದಿದ ಬೋರ್ಡುಗಳು

ಪಣಕಹಳ್ಳಿಯ ಶಿವಮಲ್ಲಮ್ಮ ಏಳನೇ ಕ್ಲಾಸು ಪಾಸಾದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವಳ ಮನೆಯಲ್ಲೇ ಇದನ್ನು ನಂಬುವವರು ಇರಲಿಲ್ಲ.

ಅವಳ ತವರು ಚಾಮರಾಜನಗರದ ಹತ್ತಿರದ ಒಂದು ಹಳ್ಳಿ. ಕೊಟ್ಟ ಊರು ಅಲ್ಲಿಂದ ಒಂದು ಬಸ್ಸಿನ ದೂರ, ಅಷ್ಟೇ. ಅದೇ ರಾಗಿ, ಅದೇ ಮುದ್ದೆ, ಅದೇ ಮಾತು. ಆದರೆ ನಡುವೆ ತಮಿಳುನಾಡಿನ ಗಡಿಯ ಒಂದು ಚೆಕ್‌ಪೋಸ್ಟು ಇತ್ತು. ಅದನ್ನು ದಾಟಿದ್ದೇ ತಡ, ಶಿವಮಲ್ಲಮ್ಮನ ಏಳು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ರೇಷನ್ ಕಾರ್ಡು ತಮಿಳು, ಪಂಚಾಯಿತಿಯಿಂದ ಬರುವ ಚೀಟಿ ತಮಿಳು, ಕಡೆಗೆ ಬೋಂಡ ಕಟ್ಟಿಕೊಡುವ ಪೇಪರೂ ತಮಿಳು. ಕನ್ನಡ ಸ್ಕೂಲಿಗೆ ಹೋಗುವ ಮಕ್ಕಳೂ ಆ ಕಡೆ ಇದ್ದರು, ಇಲ್ಲವೆನ್ನುವಂತಿಲ್ಲ. ಆದರೆ ಗಂಡ ಪುಟ್ಟಸ್ವಾಮಿ ತಮಿಳಿನಲ್ಲಿ ಎಂಟು ಓದಿದವನು. ಆಫೀಸಿನ ಕೆಲಸಕ್ಕೆ ಅದೇ ಬೇಕು ಎಂದು ಮಗಳನ್ನೂ ಅದಕ್ಕೇ ಸೇರಿಸಿದ. ಮನೆಯಲ್ಲಿ ಆಡುವುದು ಒಂದು, ಬರೆಯುವುದು ಇನ್ನೊಂದು. ತಾಳವಾಡಿ ಸೀಮೆಯ ಎಷ್ಟೋ ಮನೆಗಳ ಬಾಳೇ ಹೀಗೆ.

ವರ್ಷಕ್ಕೆ ಒಂದೆರಡು ಸಲ ತವರಿನ ಕಡೆಯಿಂದ ಕನ್ನಡದ ಲಗ್ನಪತ್ರಿಕೆ ಬರುತ್ತಿತ್ತು. ಶಿವಮಲ್ಲಮ್ಮ ಅದನ್ನು ಓದಿ ಹೇಳಿದರೆ ಅತ್ತೆ ಪುಟ್ಟನಂಜಮ್ಮ ಎಲೆಯಡಿಕೆ ಅಗಿಯುತ್ತಾ ನಗುತ್ತಿದ್ದಳು.

"ಯಾರ ಮದ್ವೆ, ಯಾವತ್ತು ಅಂತ ಮೊದ್ಲೇ ಗೊತ್ತಿರೂದ್ನ ಓದೂದು ಏನ್ ದೊಡ್ದವ್ವ. ತತ್ತಾ ಇಲ್ಲಿ, ನಾನೂ ಓದ್ತೀನಿ."

ಹಾಗೆಂದು ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಗಂಡಿನ ಹೆಸರು, ಹೆಣ್ಣಿನ ಹೆಸರು, ಛತ್ರ, ಮುಹೂರ್ತ ಎಲ್ಲವನ್ನೂ ಒಪ್ಪಿಸಿಬಿಡುತ್ತಿದ್ದಳು. ಒಂದೂ ತಪ್ಪಿರುತ್ತಿರಲಿಲ್ಲ. ಮುದುಕಿ ಕೆಟ್ಟವಳಲ್ಲ. ಸೊಸೆಗೆ ಜ್ವರ ಬಂದರೆ ತಾನೇ ಗಂಜಿ ಕಾಯಿಸಿ ಕುಡಿಸುವವಳು. ಬಾಯಿ ಮಾತ್ರ ಸುಮ್ಮನಿರದು. ಶಿವಮಲ್ಲಮ್ಮನೂ ಜೊತೆಗೆ ನಕ್ಕು ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು.

ನಗಲಾರದಂತೆ ಆದದ್ದು ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ. ಹನ್ನೆರಡು ವರ್ಷದ ಮಗಳು ಮೇಘ ಸ್ಕೂಲಿನಲ್ಲಿ ಕೊಟ್ಟ ಫಾರಮ್ಮನ್ನು ಜಗುಲಿಯ ಮೇಲೆ ಹರಡಿಕೊಂಡು, ಬರೆಯುವುದನ್ನೆಲ್ಲ ಗಟ್ಟಿಯಾಗಿ ಓದಿಕೊಳ್ಳುತ್ತಾ ತುಂಬುತ್ತಿದ್ದಳು. ಅಪ್ಪನ ಓದು, ಎಂಟನೇ ಕ್ಲಾಸು. ಅಮ್ಮನ ಓದು, ‘ಪಡಿಕ್ಕವಿಲ್ಲೈ’. ಓದಿಲ್ಲ ಎಂದು.

"ನಾನು ಏಳ್ನೇ ಕ್ಲಾಸು ಕಣವ್ವ" ಎಂದಳು ಶಿವಮಲ್ಲಮ್ಮ, ರಾಗಿ ಕೇರುತ್ತಿದ್ದ ಮೊರ ನಿಲ್ಲಿಸಿ.

"ಅಂಗಂತ ಬರ್ದುಬುಟ್ಟು, ಆಮ್ಯಾಕೆ ಟೀಚರು ಏನಾರ ಕೈಗೆ ಕೊಟ್ಟು ಓದಿ ಅಂದ್ರೆ ಏನ್ ಮಾಡೀಯೆ? ನಂಗೆ ನಾಚ್ಕೆ ಆಯ್ತದೆ ಕಣವ್ವ."

ಮಗು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಶಿವಮಲ್ಲಮ್ಮ ಮೊರವನ್ನು ಕೆಳಗಿಟ್ಟುಬಿಟ್ಟಳು. ಅತ್ತೆ ಅಂದರೆ ಅನ್ನಲಿ, ಅತ್ತೆಯ ಕೆಲಸವೇ ಅದು. ಹೆತ್ತ ಮಗಳ ಲೆಕ್ಕದಲ್ಲೂ ತಾನು ಹೆಬ್ಬೆಟ್ಟು ಎಂದಾದರೆ ಯಾರಿಗೆ ಹೇಳಿಕೊಳ್ಳುವುದು?

ಅದೇ ರಜೆಯಲ್ಲಿ, ಕೋಸು ಕಿತ್ತು ಕೈ ಬಿಡುವಾದ ಮೇಲೆ, ಪುಟ್ಟಸ್ವಾಮಿ ಎಲ್ಲರನ್ನೂ ಒಂದು ದಿನ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದ. ಕೋಟೆ ನೋಡುವುದು, ರಂಗನಾಥನಿಗೆ ಕೈಮುಗಿಯುವುದು, ಸುಲ್ತಾನರ ಕಾಲದ ಬೇಸಿಗೆ ಅರಮನೆಯ ತೋಟದಲ್ಲಿ ಬುತ್ತಿ ಬಿಚ್ಚುವುದು. ಮೇಘ ಕುಣಿದಾಡಿದಳು. ಶಿವಮಲ್ಲಮ್ಮನಿಗೆ ಮೊದಲು ಹೊಳೆದದ್ದು ಕೋಟೆಯೂ ಅಲ್ಲ, ತೋಟವೂ ಅಲ್ಲ. ಅಲ್ಲಿ ಬೋರ್ಡುಗಳೆಲ್ಲ ಕನ್ನಡದಲ್ಲಿರುತ್ತವೆ. ಅವುಗಳಲ್ಲಿ ಏನು ಬರೆದಿದೆ ಎಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಮಗಳ ಮುಂದೆ ಒಂದೇ ಒಂದು ಬೋರ್ಡು ಓದಿಬಿಟ್ಟರೆ ಸಾಕು.

ಅದರ ಹಿಂದೆಯೇ ಹೆದರಿಕೆಯೂ ಬಂತು. ಮದುವೆಯಾಗಿ ಬಂದ ಹದಿನಾರು ವರ್ಷದಲ್ಲಿ, ಲಗ್ನಪತ್ರಿಕೆ ಬಿಟ್ಟು ಬೇರೇನೂ ಓದದೆ, ಅಕ್ಷರ ಮರೆತುಹೋಗಿದ್ದರೆ? ತವರಿನಲ್ಲಿ ತಮ್ಮ ಕೊಟ್ಟಿದ್ದ ಹಳೆಯ ಕನ್ನಡ ಕ್ಯಾಲೆಂಡರ್ ಒಂದು ಕೊಟ್ಟಿಗೆಯ ಗೋಡೆಯಲ್ಲಿ ನೇತಾಡುತ್ತಿತ್ತು. ಹಸುವಿಗೆ ಹುಲ್ಲು ಹಾಕುವ ನೆಪದಲ್ಲಿ ಅದರ ಮುಂದೆ ನಿಂತಳು. ಬಿಡಿ ಅಕ್ಷರಗಳೆಲ್ಲ ಬಂದವು. ಒತ್ತಕ್ಷರ ಬಂದ ಕಡೆ ನಾಲಗೆ ತಡವರಿಸಿತು. ‘ಕೃಷ್ಣಪಕ್ಷ’ವನ್ನು ನಾಲ್ಕು ದಿನ ಹೇಳಿಕೊಂಡ ಮೇಲೆ ಸಲೀಸಾಯಿತು. ಹಸು ಅವಳನ್ನೇ ನೋಡುತ್ತಾ ಮೆಲುಕು ಹಾಕುತ್ತಿತ್ತು.

ಹೋಗುವ ದಿನ ಮೊದಲನೇ ಬಸ್ಸು ಹಿಡಿದರು. ಚಾಮರಾಜನಗರ ದಾಟಿದ ಮೇಲೆ ಅವಳು ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಅಂಗಡಿಯ ಬೋರ್ಡುಗಳನ್ನು ಮನಸ್ಸಿನಲ್ಲೇ ಓದಲು ನೋಡಿದಳು. ಆದರೆ ಡ್ರೈವರಿಗೆ ಏನು ಅವಸರವೋ, ಅವಳು ಅರ್ಧ ಓದುವಷ್ಟರಲ್ಲಿ ಊರೇ ಮುಗಿದಿರುತ್ತಿತ್ತು.

ಕೋಟೆಯ ಬಾಗಿಲಲ್ಲಿ ನೀಲಿ ಬಣ್ಣದ ದೊಡ್ಡ ಬೋರ್ಡಿತ್ತು. ಪಕ್ಕದಲ್ಲೇ ಇಂಗ್ಲಿಷಿನದೂ ಇತ್ತು. ಮೇಘ ಆ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ನೋಡಿದಳು, ಅರ್ಥ ಸಿಗಲಿಲ್ಲ. ಅವ್ವನ ಕಡೆ ತಿರುಗಿದಳು.

"ಓದವ್ವ ಮತ್ತೆ. ಏಳ್ನೇ ಕ್ಲಾಸು ಅಂದ್ಯಲ್ಲ."

ಶಿವಮಲ್ಲಮ್ಮ ಸೆರಗು ಹೊದ್ದು ಮುಂದೆ ಬಂದಳು. "ಪ್ರಾ... ಪ್ರಾಚೀ... ಪ್ರಾಚೀನ ಸ್ಮಾ..." ಅಷ್ಟಕ್ಕೇ ಹಣೆಯಲ್ಲಿ ಬೆವರು ಒಡೆಯಿತು. ಮುಂದೆ ಇದ್ದದ್ದು ‘ಸಂರಕ್ಷಣಾ ಅಧಿನಿಯಮ’. ಅದೇನು ಮನುಷ್ಯರು ಆಡುವ ಮಾತೇ? ಬೋರ್ಡು ಬರೆಸುವ ಸಾಹೇಬರು ತಾವು ಹೆಂಡತಿಯ ಹತ್ತಿರ ಆಡುವ ಭಾಷೆಯನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ ಎಂದು ಕಾಣುತ್ತದೆ. ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು, ಮತ್ತೆ ಅಲ್ಲೇ ಸಿಕ್ಕಿಕೊಂಡಳು. ಹಿಂದೆ ಜನ ಸೇರಿದರು. ಕನ್ನಡಕದ ಒಬ್ಬರು ಅವಳ ತಲೆಯ ಮೇಲಿಂದ ನಿಮಿಷದಲ್ಲಿ ಎಲ್ಲವನ್ನೂ ಓದಿಕೊಂಡು ಹೋದರು.

"ಬುಡವ್ವ, ಓಗಣ" ಎಂದಳು ಮೇಘ. ಗೇಲಿ ಮಾಡಲಿಲ್ಲ. ಮೆತ್ತಗೆ, ಕನಿಕರದಿಂದ ಅಂದಳು. ಅದೇ ಶಿವಮಲ್ಲಮ್ಮನಿಗೆ ತಡೆಯಲಾರದ್ದಾಯಿತು. ಕೋಟೆಯ ಗೋಡೆ, ಸುರಂಗ, ದೇವಸ್ಥಾನ ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ. ರಂಗನಾಥನ ಮುಂದೆ ಕೈಮುಗಿದು ನಿಂತಾಗ ಏನು ಬೇಡಿಕೊಳ್ಳಬೇಕೆಂದೂ ತೋಚಲಿಲ್ಲ.

ಮಧ್ಯಾಹ್ನ ಅರಮನೆಯ ತೋಟದ ಹತ್ತಿರ ಒಂದು ಮರದ ಕೆಳಗೆ ಬುತ್ತಿ ಬಿಚ್ಚಿದರು. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ. ಎಲ್ಲರಿಗೂ ಬಡಿಸಿ ಶಿವಮಲ್ಲಮ್ಮ ಅರ್ಧ ರೊಟ್ಟಿ ಮುರಿದಳು, ಅದನ್ನೂ ಬುತ್ತಿಗೇ ಮರಳಿ ಇಟ್ಟಳು. ಪುಟ್ಟಸ್ವಾಮಿ ಮಾತ್ರ ನಾಲ್ಕು ರೊಟ್ಟಿ ಜಡಿದು, ಕೈ ತೊಳೆದು, ಸ್ವಲ್ಪ ಆಚೆಗಿದ್ದ ಕಕ್ಕಸಿನ ಕಡೆ ಹೊರಟ. ಅಲ್ಲಿ ಎರಡು ಬಾಗಿಲುಗಳಿದ್ದವು. ಗೋಡೆಯ ಮೇಲೆ ಯಾರೋ ಬಣ್ಣದಲ್ಲಿ ಕನ್ನಡದಲ್ಲಷ್ಟೇ ಬರೆದಿದ್ದರು, ಚಿತ್ರಗಿತ್ರ ಏನೂ ಇರಲಿಲ್ಲ. ಅವನು ಎದೆಯುಬ್ಬಿಸಿಕೊಂಡು ಹತ್ತಿರದ ಬಾಗಿಲಿಗೆ ನಡೆದ.

"ನಿಂತ್ಕಳಿ, ಅದು ಹೆಂಗಸರು" ಎಂದು ಶಿವಮಲ್ಲಮ್ಮ ಕೂತಲ್ಲಿಂದಲೇ ಕೂಗಿದಳು.

ಕೂಗು ಮುಟ್ಟುವಷ್ಟರಲ್ಲಿ ಅವನು ಒಳಗೆ ಕಾಲಿಟ್ಟಾಗಿತ್ತು. ಅಷ್ಟೇ ಬೇಗ ಹೊರಗೂ ಬಂದ. ಹಿಂದೆಯೇ ದಪ್ಪನೆಯ ಒಬ್ಬಾಕೆ ಬಂದು, "ಇಷ್ಟಗಲ ಬರ್ದದೆ, ಓದಾಕ್ ಬರಲ್ವೇನಯ್ಯ ನಿಂಗೆ" ಎಂದು ಕೇಳಿದಳು. ಎಂಟನೇ ಕ್ಲಾಸು ಓದಿದವನು ತಲೆ ತಗ್ಗಿಸಿ ಪಕ್ಕದ ಬಾಗಿಲಿಗೆ ಹೋದ.

ಪುಟ್ಟನಂಜಮ್ಮ ನಕ್ಕು ನಕ್ಕು ಬಾಯಲ್ಲಿದ್ದ ಎಲೆಯಡಿಕೆ ನೆತ್ತಿಗೇರಿಸಿಕೊಂಡಳು. ಕೆಮ್ಮು ನಿಂತ ಮೇಲೆ ಸೊಸೆಗೂ ಒಂದು ಮಾತು ಬಿಟ್ಟಳು. "ನೀನೇನ್ ಓದಿ ಯೋಳ್ದಾ? ಆ ಎಂಗ್ಸು ಒಳಿಕ್ ನುಗ್ಗಿದ್ನ ನೋಡಿದ್ದೆ, ಯೋಳ್ದೆ."

ಮೇಘ ನಗುತ್ತಿರಲಿಲ್ಲ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಇತ್ತು.

"ಇಲ್ಲ ಕಣಜ್ಜಿ. ಅವ್ವ ‘ಹೆಂಗಸರು’ ಅಂದ್ಲು."

"ಅನ್ನದೆ ಇನ್ನೇನಂದಾಳು?"

"ನಾವು ಎಂಗುಸ್ರು ಅಂತೀವಿ."

ಆ ಸೀಮೆಯವರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹೊಲ ‘ಒಲ’ ಆಗುತ್ತದೆ, ಹಾಲು ಆಲಾಗುತ್ತದೆ. ಶಿವಮಲ್ಲಮ್ಮನ ತವರಿನಲ್ಲೂ ಅಷ್ಟೇ. ಆದರೆ ಅವಳ ಸ್ಕೂಲಿನ ಮೇಷ್ಟ್ರು ಓದುವಾಗ ‘ಹ’ ಬಿಟ್ಟವರ ಕಿವಿ ಹಿಂಡುತ್ತಿದ್ದರು. ಮಾತಾಡುವಾಗ ಹೇಗಾದರೂ ಆಡಿಕೊಳ್ಳಿ, ಓದುವಾಗ ಬರೆದಂತೆ ಓದಿ ಎನ್ನುತ್ತಿದ್ದರು. ಲಗ್ನಪತ್ರಿಕೆ ಓದುವಾಗಲೂ ಅವಳು ಹಾಗೆಯೇ ಓದಿದ್ದಿರಬೇಕು. ಅತ್ತೆಯ ನಗುವಿನ ನಡುವೆ ಅದು ಯಾರ ಕಿವಿಗೂ ಬಿದ್ದಿರಲಿಲ್ಲ.

ಮೇಘ ಎಂಜಲು ಕೈಯಲ್ಲೇ ಅವ್ವನನ್ನು ಎಬ್ಬಿಸಿ, ತೋಟದ ದಾರಿಯಲ್ಲಿದ್ದ ಒಂದು ಬೋರ್ಡಿನ ಮುಂದೆ ನಿಲ್ಲಿಸಿದಳು. "ಇದ ಓದು" ಎಂದಳು.

ಶಿವಮಲ್ಲಮ್ಮ ಬೋರ್ಡಿಗೆ ಇನ್ನೂ ಹತ್ತಿರ ಸರಿದಳು. ಬೆರಳಿಟ್ಟು ನಿಧಾನವಾಗಿ ಓದಿದಳು. "ಹೂವು ಕೀಳಬಾರದು. ಹುಲ್ಲಿನ ಮೇಲೆ ನಡೆಯಬಾರದು. ಮರದ ಮೇಲೆ ಹೆಸರು ಕೆತ್ತಬಾರದು."

"ಊವ ಅನ್ನಲಿಲ್ಲ ನೀನು" ಎಂದಳು ಮೇಘ.

"ಅಲ್ಲಿ ಹೂವು ಅಂತ ಬರ್ದದೆ ಕಣವ್ವ. ನಮ್ ಬಾಯಿಗೆ ಬಂದಂಗೆ ಓದಾಕಾದದಾ? ಬರ್ದಂಗೆ ಓದ್ಬೇಕು."

ಮೇಘ ಬೋರ್ಡನ್ನೂ ಅವ್ವನ ಬಾಯನ್ನೂ ನೋಡಿದಳು. ಊಹೆ ಮಾಡಿ ಹೇಳುವವರು ತಮ್ಮ ಬಾಯಿಯ ಮಾತನ್ನೇ ಹೇಳುತ್ತಾರೆ. ಮನೆಯಲ್ಲಿ ಎಂದೂ ಆಡದ ಸದ್ದು ಅವ್ವನ ಬಾಯಿಗೆ ಆ ಬೋರ್ಡಿನಿಂದಲ್ಲದೆ ಇನ್ನೆಲ್ಲಿಂದ ಬರಬೇಕು? ಇಷ್ಟು ಆ ಹುಡುಗಿಗೆ ತಿಳಿಯಿತು. ತಿಳಿದ ಮೇಲೆ ಅವ್ವನನ್ನು ಕೂರಗೊಡಲಿಲ್ಲ. ‘ಕುಡಿಯುವ ನೀರು’ ಓದಿಸಿದಳು. ‘ಚಪ್ಪಲಿ ಇಲ್ಲಿ ಬಿಡಿ’ ಓದಿಸಿದಳು. ಕಡಲೆಕಾಯಿ ಗಾಡಿಯ ಮೇಲಿನ ದೇವರ ಹೆಸರು, ಆಟೋದ ಹಿಂದೆ ಬರೆದಿದ್ದ ‘ಹೊಟ್ಟೆಕಿಚ್ಚು ಬೇಡ ಗೆಳೆಯ’, ಯಾವುದನ್ನೂ ಬಿಡಲಿಲ್ಲ. ‘ಹ’ ಬಂದಾಗಲೆಲ್ಲ ಇಬ್ಬರೂ ನಗುತ್ತಿದ್ದರು. ಕೋಟೆಯ ಬೋರ್ಡಿನಷ್ಟು ಕಷ್ಟದ್ದು ಯಾವುದೂ ಬರಲಿಲ್ಲ, ಪುಣ್ಯಕ್ಕೆ.

"ಓದಿ ಓದಿ ಮರುಳಾದ ಕೂಚಂಭಟ್ಟ ಅನ್ನಂಗೆ ಆದಾರು ಇವ್ರಿಬ್ರೂ. ನಡೀರವ್ವ, ಬಸ್ಸು ತಪ್ಪೋದದು" ಎಂದು ಪುಟ್ಟನಂಜಮ್ಮ ಗೊಣಗಿದಳು. ಗೊಣಗಿದರೂ ಸೊಸೆ ನಿಂತಲ್ಲೆಲ್ಲ ತಾನೂ ನಿಂತು ಕಿವಿಗೊಡುತ್ತಿದ್ದಳು. ಪುಟ್ಟಸ್ವಾಮಿ ಬುತ್ತಿಯ ಚೀಲ ಹೊತ್ತು ಹಿಂದೆ ಬಂದ, ಆಮೇಲೆ ಯಾವ ಬಾಗಿಲಿಗೂ ಹೆಂಡತಿಯನ್ನು ಕೇಳದೆ ಹೋಗಲಿಲ್ಲ.

ಮೈಸೂರಿನ ಬಸ್ ನಿಲ್ದಾಣಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಚಾಮರಾಜನಗರದ ಬಸ್ಸು ಹೊರಡಲು ನಿಂತಿತ್ತು. ಗಂಟು ಹಿಡಿದ ಮುದುಕಿಯೊಬ್ಬಳು ಅತ್ತ ಇತ್ತ ನೋಡಿ, ಸ್ಕೂಲಿಗೆ ಹೋಗುವ ಹುಡುಗಿಯಂತೆ ಕಂಡ ಮೇಘಳ ಹತ್ತಿರ ಬಂದಳು.

"ಕೂಸೇ, ಈ ಬಸ್ಸು ನಂಜನಗೂಡ್ಗೆ ಓಯ್ತದಾ? ಅದೇನ್ ಬರ್ದದೆ, ಒಸಿ ಓದಿ ಯೋಳವ್ವ."

ಮೇಘ ಬಸ್ಸಿನ ಹಣೆ ನೋಡಿದಳು. ಆಮೇಲೆ ಮುದುಕಿಯನ್ನು ನೋಡಿದಳು.

"ನಂಗೆ ಓದಾಕ್ ಬರಲ್ಲ ಅಜ್ಜಿ. ನಮ್ಮವ್ವ ಓದವ್ಳೆ, ಅವ್ಳ ಕೇಳಿ."

ಹೇಳುವಾಗ ದನಿಯಲ್ಲಿ ನಾಚಿಕೆ ಇರಲಿಲ್ಲ. ಅಂಗಡಿಗೆ ದಾರಿ ತೋರಿಸುವಷ್ಟು ಸಲೀಸಾಗಿ ಹೇಳಿದಳು.

ಶಿವಮಲ್ಲಮ್ಮ ಬಸ್ಸಿನ ಮುಂದೆ ಹೋಗಿ ನಿಂತಳು. ಮುದುಕಿಗೆ ಬೇಕಾಗಿದ್ದದ್ದು ಒಂದೇ ಮಾತು. ಶಿವಮಲ್ಲಮ್ಮ ಮೈಸೂರಿನಿಂದ ಶುರುಮಾಡಿ ನಂಜನಗೂಡು, ಚಾಮರಾಜನಗರ ಎಂದು ಅಷ್ಟನ್ನೂ ಓದಿದಳು. ಕಣ್ಣು ತುಂಬಿ ಅಕ್ಷರಗಳು ಕಲಸಿಕೊಂಡವು, ಸೆರಗಿನಿಂದ ಒರೆಸಿಕೊಂಡಳು. ಅಷ್ಟಕ್ಕೆ ನಿಲ್ಲಿಸಲೂ ಇಲ್ಲ. ಪಕ್ಕಕ್ಕೆ ಬಂದು, ‘ಹತ್ತುವ ಮೊದಲು ಇಳಿಯುವವರಿಗೆ ದಾರಿ ಬಿಡಿ’ ಎಂದು ಓದಿದಳು. ‘ಕೈ ತಲೆ ಹೊರಗೆ ಹಾಕಬೇಡಿ’ ಎಂದು ಓದಿದಳು. ಮುದುಕಿ ಎಂದೋ ಹತ್ತಿ ಕೂತಾಗಿತ್ತು. ಕಂಡಕ್ಟರ್ ಎರಡು ಸಲ ಸೀಟಿ ಊದಿದ.

ಪುಟ್ಟನಂಜಮ್ಮ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅಡ್ಡ ನಿಂತಿದ್ದಳು.

"ಒಸಿ ತಡಿಯಪ್ಪ" ಎಂದಳು ಕಂಡಕ್ಟರಿಗೆ. "ನಮ್ ಸೊಸೆ ಇನ್ನೂ ಓದ್ತಾವ್ಳೆ."