ಸೋಮವಾರ ಇಟ್ಟ ಪೆಟ್ಟಿಗೆ

ವಸಂತಾಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೆ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನ ರಸ್ತೆಗಳಲ್ಲಿ ಅವಳ ಗಂಡ ಲಕ್ಷ್ಮೀಶರ ಕಾರು ಸರಿಯಾದ ಬದಿಯಲ್ಲಿ ಹೋಗುತ್ತಿದ್ದುದು ಅವಳಿಂದಲೇ. ತಿರುವು ಬರುವ ಮೊದಲು, ಗೇಟಿನಿಂದ ಹೊರಬೀಳುವಾಗ, ಪೆಟ್ರೋಲ್ ಬಂಕಿನಿಂದ ರಸ್ತೆಗೆ ಇಳಿಯುವಾಗ ಅವಳು "ಎಡಕ್ಕೆ, ರೀ" ಎನ್ನುತ್ತಿದ್ದಳು. ಒಲೆಯ ಮೇಲಿನ ಹಾಲು ನೋಡಿ ಎಂದು ಹೇಳುವ ಧ್ವನಿಯಲ್ಲೇ ಹೇಳುತ್ತಿದ್ದಳು. ಅವರು ತಲೆಯಾಡಿಸಿ ಎಡಕ್ಕೆ ಸೇರುತ್ತಿದ್ದರು. ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತಿತ್ತು. ಅಂಗಡಿಗೆ ಹೋಗುವಾಗ ಎಷ್ಟೋ ಸಲ ಅವರ ಹಿಂದಿನ ಸೀಟಿನಲ್ಲಿ ಕುಳಿತು ಇದನ್ನು ಕೇಳಿದ್ದೇನೆ.

ಲಕ್ಷ್ಮೀಶರು ಅರಸೀಕೆರೆಯವರು. ಮೂವತ್ತು ದಾಟಿದ ಮೇಲೆ ಮಸ್ಕತ್‌ಗೆ ಹೋಗಿ ಕಟ್ಟಡದ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ಇಪ್ಪತ್ತೆರಡು ವರ್ಷ ದುಡಿದವರು. ಕಾರು ಕಲಿತದ್ದು ಅಲ್ಲೇ, ಓಡಿಸಿದ್ದೂ ಅಲ್ಲೇ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಹೋಗಬೇಕು. ಊರಿಗೆ ಬಂದಾಗ ಬಸ್ಸು, ಆಟೋ. ಸ್ಟಿಯರಿಂಗ್ ಮುಟ್ಟಿದ್ದಿಲ್ಲ. ಕೆಲಸ ಬಿಟ್ಟು 2004ರಲ್ಲಿ ಅವರೂ ವಸಂತಾಳೂ ಸಿಡ್ನಿಗೆ, ಒಬ್ಬಳೇ ಮಗಳು ಅಪೂರ್ವಳ ಬಳಿಗೆ ಬಂದರು. ಅಪೂರ್ವ ಅಲ್ಲಿನ ಲಿವರ್‌ಪೂಲ್ ಬಡಾವಣೆಯ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಳು, ಸ್ಟೇಷನ್ ಹತ್ತಿರವೇ ಬಾಡಿಗೆ ಫ್ಲಾಟ್ ಇತ್ತು. ಎಲ್ಲಿಗೆ ಹೋಗಬೇಕಿದ್ದರೂ ರೈಲು. ಕಾರಿನ ಮಾತು ಬರಲಿಲ್ಲ.

ಎರಡು ವರ್ಷದ ಮೇಲೆ ಅಪೂರ್ವಳಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಪಾಯಿಂಟ್ ಕುಕ್‌ನಲ್ಲಿ ಮನೆ ತೆಗೆದುಕೊಂಡರು. ನಮ್ಮ ಮನೆಯಿಂದ ಮೂರು ಬೀದಿ ಆಚೆ. ಅಲ್ಲಿಗೆ ಆಗ ರೈಲು ಇರಲಿಲ್ಲ, ಬಸ್ಸು ಬಂದಾಗ ಬಂತು. ಮೊಮ್ಮಗಳು ಆದ್ಯಾಳನ್ನು ಶಾಲೆಗೆ ಬಿಡಲು, ಹಾಲು ಮೊಸರು ತರಲು ಕಾರು ಬೇಕೇ ಬೇಕು. ಊರಿನ ನೆಂಟರು ಫೋನಿನಲ್ಲಿ ಸಮಾಧಾನ ಹೇಳಿದರು: ಭಾರತದಲ್ಲೂ ಎಡ, ಆಸ್ಟ್ರೇಲಿಯಾದಲ್ಲೂ ಎಡ, ಇದರಲ್ಲಿ ಹೊಸದಾಗಿ ಕಲಿಯುವುದೇನಿದೆ. ಲಕ್ಷ್ಮೀಶರ ಕೈಗೆ ಭಾರತ ಗೊತ್ತಿರಲಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಮೊದಲ ಪರೀಕ್ಷೆಯಲ್ಲಿ ಫೇಲಾದರು. ಎರಡನೆಯದರಲ್ಲಿ ಪಾಸಾದರು. ಮಸ್ಕತ್‌ನ ಕಾರಿನಲ್ಲಿ ಇಂಡಿಕೇಟರ್ ಇದ್ದ ಜಾಗದಲ್ಲಿ ಇಲ್ಲಿಯ ಕಾರಿನಲ್ಲಿ ವೈಪರ್ ಇತ್ತು. ಹಾಗಾಗಿ ಒಳ್ಳೆಯ ಬಿಸಿಲಿನಲ್ಲಿ ಗಾಜಿನ ಮೇಲೆ ವೈಪರ್ ಆಡತೊಡಗಿದರೆ ಲಕ್ಷ್ಮೀಶರು ತಿರುಗಲಿದ್ದಾರೆ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು. ಆದ್ಯಾ ಹಿಂದೆ ಕುಳಿತು ಇಂಗ್ಲಿಷಿನಲ್ಲಿ, ತಾತ ಮಳೆ ಬರಿಸುತ್ತಾರೆ ಎಂದು ನಗುತ್ತಿದ್ದಳು. ವಾಹನಗಳು ಮುಂದೆ ಹಿಂದೆ ಇದ್ದಾಗ ಅವರಿಗೆ ಕಷ್ಟವಿರಲಿಲ್ಲ. ಎಲ್ಲರ ಹಿಂದೆ ಹೋದರಾಯಿತು. ಖಾಲಿ ರಸ್ತೆ ಕಂಡರೆ ಮಾತ್ರ ಕೈ ತಾನೇ ಮಸ್ಕತ್‌ಗೆ ಹೋಗಿಬಿಡುತ್ತಿತ್ತು. ಅದಕ್ಕೇ ವಸಂತಾ. ಅವಳಿಲ್ಲದೆ ಅವರು ಕಾರು ಹೊರತೆಗೆಯುತ್ತಿರಲಿಲ್ಲ. ಅವಳಿಗೆ ಜ್ವರ ಬಂದ ದಿನ ಆದ್ಯಾಳಿಗೂ ರಜೆ.

2008ರ ಮೇ ತಿಂಗಳಲ್ಲಿ ಅರಸೀಕೆರೆಯಿಂದ ಸುದ್ದಿ ಬಂತು. ವಸಂತಾಳ ಅಕ್ಕ ಭಾಗೀರಥಿಗೆ ಪಿತ್ತಕೋಶದಲ್ಲಿ ಕ್ಯಾನ್ಸರ್, ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ವಸಂತಾ ಎರಡು ವರ್ಷದವಳಿದ್ದಾಗ ತಾಯಿ ತೀರಿಕೊಂಡಿದ್ದರು. ಎತ್ತಿ ಆಡಿಸಿದವಳು, ತಲೆ ಬಾಚಿದವಳು, ಕೊನೆಗೆ ತನ್ನ ಮದುವೆಯಾದಾಗ ಗಂಡನ ಮನೆಗೂ ಜೊತೆಯಲ್ಲಿ ಕರೆದೊಯ್ದವಳು ಈ ಅಕ್ಕ. ವಸಂತಾ ಅಳುತ್ತ ಕೂರಲಿಲ್ಲ. ಅಕ್ಕ ಬದುಕಿರುವಾಗ ಹೋಗಬೇಕು, ಅಷ್ಟೇ, ಎಂದಳು. ಅಪೂರ್ವ ಇಬ್ಬರಿಗೂ ಟಿಕೆಟ್ ಬುಕ್ ಮಾಡಿದಳು. ಜೂನ್ ಮೊದಲಲ್ಲಿ ಸಿಕ್ಕಿದ್ದು ಮಂಗಳವಾರದ ವಿಮಾನ. ಅದು ಬಿಟ್ಟರೆ ಮತ್ತೆ ತಿಂಗಳ ಕೊನೆಗೆ.

ಹೊರಡುವ ಸಿದ್ಧತೆಯಲ್ಲಿ ಅವಳು ಎಲ್ಲಕ್ಕಿಂತ ಮೊದಲು ಕೊಂಡದ್ದು ಒಂದು ಕುರಿಚರ್ಮ. ಇಲ್ಲಿ ಹಾಸಿಗೆ ಹಿಡಿದವರನ್ನು ಅದರ ಮೇಲೆ ಮಲಗಿಸುತ್ತಾರೆ. ದಪ್ಪ ಉಣ್ಣೆ, ಬೆನ್ನು ಹುಣ್ಣಾಗುವುದಿಲ್ಲ. ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ನಾನು ಅಲ್ಲೇ ಇದ್ದೆ. ಸ್ಪೀಕರ್ ಹಾಕಿದ್ದಳು.

"ಥೂ, ಚರ್ಮದ ಮೇಲೆ ಮಲಗಿಸ್ತೀಯೇನೆ ನನ್ನ?" ಎಂದರು ಭಾಗೀರಥಿ. ಧ್ವನಿ ಸಣ್ಣದಾಗಿತ್ತು, ಆದರೆ ಗದರುವ ಅಭ್ಯಾಸ ಹೋಗಿರಲಿಲ್ಲ.

"ಮೈಗೆ ತಾಗೋದು ಉಣ್ಣೆ ಕಣೆ ಅಕ್ಕಯ್ಯ. ಉಣ್ಣೆಗೆ ಎಲ್ಲಿ ಮೈಲಿಗೆ?"

"ಹಾಗಾದ್ರೆ ಬೇಗ ತಗೊಂಡ್ ಬಾ. ಮಡೀಲೇ ಸಾಯ್ತೀನಿ."

ಅಕ್ಕ ತಂಗಿ ಇಬ್ಬರೂ ನಕ್ಕರು. ನಗು ಮುಗಿದ ಮೇಲೂ ಇಬ್ಬರೂ ಫೋನ್ ಇಡಲಿಲ್ಲ.

ಮಂಗಳವಾರ ಪ್ರಯಾಣ ಹೊರಡುವುದು ಅವರ ಮನೆತನದಲ್ಲಿ ಇಲ್ಲ. ಮಂಗಳವಾರ ಉತ್ತರಕ್ಕೆ ಶೂಲ ಎಂದು ವಸಂತಾ ಪಂಚಾಂಗ ತೋರಿಸಿದಳು. ಮೆಲ್ಬರ್ನ್ ಇರುವುದು ಭೂಮಿಯ ತಳದಲ್ಲಿ, ಇಲ್ಲಿಂದ ಯಾವ ದೇಶಕ್ಕೆ ಹೊರಟರೂ ಉತ್ತರಕ್ಕೇ ಹೋಗಬೇಕು ಎಂದು ನಾನು ಹೇಳಿದೆ. ಅದಕ್ಕೆ ಅವಳ ಬಳಿ ಪರಿಹಾರವಿತ್ತು. ಹೊರಡುವ ದಿನ ಸರಿಯಿಲ್ಲದಿದ್ದರೆ ಹಿಂದಿನ ಒಳ್ಳೆಯ ದಿನ ಪ್ರಯಾಣದ ಸಾಮಾನನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಆಗ ಪ್ರಯಾಣ ಆ ದಿನವೇ ಶುರುವಾದ ಲೆಕ್ಕ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಒಮ್ಮೆ ಇಟ್ಟದ್ದನ್ನು ಮನೆಗೆ ವಾಪಸು ತರುವಂತಿಲ್ಲ, ಹೊರಡುವಾಗ ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು. ನಮ್ಮ ಮನೆಯಲ್ಲಿ ಇಡಬಹುದೇ ಎಂದು ಕೇಳಿದಳು. ಇಂಥದ್ದರಲ್ಲಿ ನನಗೆ ನಂಬಿಕೆಯಿಲ್ಲ. ಪೆಟ್ಟಿಗೆ ಇಡಲು ಜಾಗವಿತ್ತು, ಆಗಲಿ ಎಂದೆ.

ಸಣ್ಣ ಕೈಚೀಲ ಇಟ್ಟರೂ ನಡೆಯುತ್ತಿತ್ತು. ಆದರೆ ಕುರಿಚರ್ಮವಿದ್ದ ದೊಡ್ಡ ಸೂಟ್‌ಕೇಸನ್ನೇ ಇಡಬೇಕು, ಹೋಗುವುದೇ ಅದಕ್ಕಾಗಿ ಎಂದು ಅವಳ ಹಟ. ಅದು ಹೊತ್ತು ತರುವ ಭಾರವಲ್ಲ, ಕಾರಿನಲ್ಲೇ ಬರಬೇಕು. ಇನ್ನೊಂದು ತೊಡಕೂ ಇತ್ತು. ತಾನು ಸಾಮಾನಿನ ಜೊತೆ ಹೊಸಿಲು ದಾಟಿ ಮತ್ತೆ ಮನೆಗೆ ಬಂದರೆ ಅರ್ಧ ದಾರಿಯಿಂದ ಹಿಂತಿರುಗಿದ ಹಾಗೆ, ಅಕ್ಕನ ವಿಷಯದಲ್ಲಿ ಅಂಥ ಅಪಶಕುನ ಬೇಡ ಎಂದಳು. ಹಾಗಾಗಿ ಲಕ್ಷ್ಮೀಶರೊಬ್ಬರೇ ಹೋಗಿ ಇಟ್ಟು ಬರುವುದೆಂದಾಯಿತು. ಆ ಭಾನುವಾರ ಸಂಜೆ ನಡೆದ ಮಾತನ್ನು ಅವಳೇ ನನಗೆ ಆಮೇಲೆ ಹೇಳಿದಳು.

"ನೀನಿಲ್ದೆ ನಾನು ಕಾರು ತೆಗೆದಿಲ್ಲ, ವಸಂತಾ."

"ಮೂರೇ ಬೀದಿ, ರೀ. ಎಡಕ್ಕೆ ಅಂತ ನೀವೇ ಹೇಳ್ಕೊಳಿ."

ಸೋಮವಾರ ಏಳೂವರೆಗೆ ರಾಹುಕಾಲ. ಅದಕ್ಕೂ ಮೊದಲೇ, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತಿಗೆ, ಲಕ್ಷ್ಮೀಶರು ಬಂದರು. ಮಂಜು ಬಿದ್ದಿತ್ತು. ಸೂಟ್‌ಕೇಸನ್ನು ನಮ್ಮ ಮುಂದಿನ ಕೋಣೆಯಲ್ಲಿ ಪೂರ್ವದ ಗೋಡೆಗೆ ಒರಗಿಸಿ ಇಟ್ಟರು. ಅವಳು ಹೇಳಿಕೊಟ್ಟಂತೆ ಅದರ ಮೇಲೆ ಒಂದು ತೆಂಗಿನಕಾಯಿ ಇಟ್ಟರು. ಕಾಫಿ ಬೇಡ ಎಂದರು. ಬರುವಾಗ ದಾರಿಯುದ್ದಕ್ಕೂ ಎಡ ಎಡ ಎಂದು ಜಪ ಮಾಡಿಕೊಂಡು ಬಂದೆ ಎಂದು ನಕ್ಕರು. ಕೊಟ್ಟ ಕೆಲಸ ಮುಗಿಸಿದ ಹುಡುಗನ ಸಂತೋಷ ಮುಖದಲ್ಲಿತ್ತು. ಕೆಲಸ ಮುಗಿಯಿತು ಎಂದೇ ಜಪವೂ ನಿಂತಿರಬೇಕು.

ನಮ್ಮ ಗೇಟಿನಿಂದ ಹೊರಬಿದ್ದ ಕಾರು ಖಾಲಿ ಬೀದಿಯ ಬಲಬದಿಗೆ ಸೇರಿತು. ನಾನು ಅಷ್ಟರಲ್ಲಿ ಬಾಗಿಲು ಹಾಕಿದ್ದೆ. ಬೀದಿ ಕೊನೆಯ ತಿರುವಿನಲ್ಲಿ, ಕೆಲಸಕ್ಕೆ ಹೊರಟಿದ್ದ ಒಬ್ಬ ಬಡಗಿಯ ಯೂಟ್, ಹಿಂದೆ ಸಾಮಾನು ತುಂಬುವ ಗಾಡಿ, ಎದುರಿಗೆ ಬಂತು. ಎದುರು ಬಂದವನು ತನ್ನ ಅಭ್ಯಾಸದಂತೆ ಎಡ ಅಂಚಿಗೆ ಎಳೆದುಕೊಂಡ. ಲಕ್ಷ್ಮೀಶರು ತಮ್ಮ ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಬಲ ಅಂಚಿಗೆ ಎಳೆದುಕೊಂಡರು. ಎರಡೂ ಒಂದೇ ಅಂಚು. ಪೊಲೀಸಿನವನು ಆಮೇಲೆ ಎರಡು ಕೈ ಎದುರುಬದುರು ಹಿಡಿದು ತೋರಿಸಿದ. ಇಬ್ಬರಲ್ಲಿ ಯಾರಾದರೂ ಒಬ್ಬರು ಸುಮ್ಮನಿದ್ದಿದ್ದರೂ ಸಾಕಿತ್ತು ಎಂದ. ಬಡಗಿಗೆ ಮಣಿಕಟ್ಟು ಮುರಿಯಿತು, ವಾಸಿಯಾಯಿತು. ಲಕ್ಷ್ಮೀಶರ ಬಲತೊಡೆಯ ಮೂಳೆ ಎರಡು ಕಡೆ ಮುರಿಯಿತು, ಪಕ್ಕೆಲುಬುಗಳು ಮುರಿದು ಶ್ವಾಸಕೋಶಕ್ಕೆ ಚುಚ್ಚಿದವು.

ಮಂಗಳವಾರ ಅವರಿಗೆ ಆಪರೇಷನ್. ವಿಮಾನವೂ ಮಂಗಳವಾರವೇ. ಆಸ್ಪತ್ರೆಯ ಕಾರಿಡಾರಿನಲ್ಲಿ ಅಪೂರ್ವ ತಾಯಿಗೆ ಹೇಳಿದಳು, "ಅಮ್ಮ, ನೀನು ಹೋಗು. ಅಪ್ಪನ್ನ ನಾನು ನೋಡ್ಕೋತೀನಿ. ದೊಡ್ಡಮ್ಮ ಕಾಯ್ತಿದಾರೆ." ಮಗಳು ಹೇಳಿದ್ದು ಸರಿಯೇ ಇತ್ತು. ನಾನೂ ಅದನ್ನೇ ಹೇಳಿದೆ.

"ಅಕ್ಕಯ್ಯನ ಹತ್ರ ಮಗ ಸೊಸೆ ಇದಾರೆ," ಎಂದಳು ವಸಂತಾ. "ಇವರು ಕಣ್ಬಿಟ್ಟಾಗ ನಾನು ಕಾಣದಿದ್ರೆ, ನಾನೂ ಕಾರಲ್ಲಿದ್ದೆ, ಸತ್ತೋದೆ ಅಂದ್ಕೊಂಡ್ಬಿಡ್ತಾರೆ."

ವಿಮಾನ ಹೋಯಿತು. ಟಿಕೆಟನ್ನು ಅಪೂರ್ವ ತಿಂಗಳ ಕೊನೆಗೆ ಬದಲಾಯಿಸಿದಳು. ವಸಂತಾ ಅಕ್ಕನಿಗೆ ಫೋನ್ ಮಾಡಿದಳು. ಭಾಗೀರಥಿಗೆ ಆಗಲೇ ಮಾತು ಕಡಿಮೆಯಾಗಿತ್ತು. ತೊಡೆ ಮೂಳೆಯೋ ಸೊಂಟದ್ದೋ ಎಂದು ಕೇಳಿ ತಿಳಿದುಕೊಂಡರಂತೆ. "ನೀನು ಅಲ್ಲೇ ಇರು. ನಾನು ಕಾಯ್ತೀನಿ," ಎಂದರಂತೆ. ಹಾಗೆ ಹೇಳಿದವರಿಗೂ ಕೇಳಿದವಳಿಗೂ ಅದು ಆಗದ ಮಾತೆಂದು ಗೊತ್ತಿತ್ತು. ತಿಂಗಳು ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಭಾಗೀರಥಿಯ ಮಗ ಫೋನ್ ಮಾಡಿದ.

ವಸಂತಾ ಆಗ ಆಸ್ಪತ್ರೆಯಲ್ಲಿ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು. ಹೊರಗೆ ಹೋಗಿ ಮಾತಾಡಿ ಬಂದಳು. ಕುರ್ಚಿಯಲ್ಲಿ ಕುಳಿತು ಮತ್ತೆ ಚಮಚ ಎತ್ತಿಕೊಂಡಳು. ಲಕ್ಷ್ಮೀಶರು ಅವಳ ಮುಖ ನೋಡಿ ಚಮಚಕ್ಕೆ ಬಾಯಿ ತೆರೆಯಲಿಲ್ಲ.

"ಹೋದರಾ?" ಎಂದರು.

"ಹೂಂ."

"ನನ್ನಿಂದ."

"ಗಂಜಿ ಆರತ್ತೆ. ಕುಡೀರಿ," ಎಂದಳು ವಸಂತಾ.

ಅವರು ಕುಡಿದರು. ಅಂದು ಅವಳು ಅಲ್ಲಿನ ಬಚ್ಚಲಲ್ಲೇ ತಲೆಗೆ ನೀರು ಹಾಕಿಕೊಂಡು ಬಂದಳು. ಟಿಕೆಟ್ ರದ್ದು ಮಾಡು ಎಂದು ಮಗಳಿಗೆ ಹೇಳಿದಳು. ಅಲ್ಲಿ ಈಗ ಯಾರಿದ್ದಾರೆ ಎಂದು ಹೋಗುವುದು.

ಜುಲೈ ಕೊನೆಗೆ ಲಕ್ಷ್ಮೀಶರನ್ನು ಮನೆಗೆ ಕಳುಹಿಸಿದರು. ಕಾರು ಓಡಿಸಿದ್ದು ಅಪೂರ್ವ. ಅವರನ್ನು ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿ, ವಸಂತಾ ಹಿಂದೆ ನನ್ನ ಪಕ್ಕದಲ್ಲಿ ಕುಳಿತಳು. ಎಷ್ಟೋ ತಿರುವುಗಳು ಬಂದವು. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು, ಒಮ್ಮೆಯೂ ಬಾಯಿ ತೆರೆಯಲಿಲ್ಲ. ಲೈಸೆನ್ಸನ್ನು ಲಕ್ಷ್ಮೀಶರು ತಾವಾಗಿಯೇ ವಾಪಸು ಕೊಟ್ಟರು.

ಸೂಟ್‌ಕೇಸು ನಮ್ಮಲ್ಲೇ ಇತ್ತು. ತೆಂಗಿನಕಾಯಿಯನ್ನು ನಾನು ಎತ್ತಿಟ್ಟಿದ್ದೆ. ತೆಗೆದುಕೊಂಡು ಹೋಗು ಎಂದು ಎರಡು ಸಲ ಹೇಳಿಕಳುಹಿಸಿದೆ. ಇಟ್ಟದ್ದನ್ನು ಮನೆಗೆ ತರುವಂತಿಲ್ಲ ಎಂದು ಎರಡು ಸಲವೂ ಅದೇ ಉತ್ತರ ಬಂತು. ಯಾವ ಪ್ರಯಾಣ ಈಗ ಕೆಡುತ್ತದೆ ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಆಗಸ್ಟ್‌ನಲ್ಲಿ ಮನೆಗೆ ಬಂದು ನೋಡುತ್ತಿದ್ದ ನರ್ಸ್, ಲಕ್ಷ್ಮೀಶರ ಬೆನ್ನು ಕೆಂಪಗಾಗಿದೆ, ಹೀಗೇ ಬಿಟ್ಟರೆ ಹುಣ್ಣಾಗುತ್ತದೆ, ಒಂದು ಕುರಿಚರ್ಮ ತರಿಸಿ ಎಂದು ಹೇಳಿ ಹೋದಳು. ಅಪೂರ್ವ ಸಂಜೆ ಬರುವಾಗ ತರುತ್ತೇನೆ ಎಂದಳಂತೆ. ಅಂದು ಬೆಳಗ್ಗೆಯೇ ವಸಂತಾ ನಡೆದುಕೊಂಡು ನಮ್ಮ ಮನೆಗೆ ಬಂದಳು. ಮುಂದಿನ ಕೋಣೆಯಲ್ಲಿ ನೆಲದ ಮೇಲೆ ಕುಳಿತು ಸೂಟ್‌ಕೇಸ್ ಮಲಗಿಸಿ ಬೀಗ ತೆಗೆದಳು. ಮೇಲೆಯೇ ಇತ್ತು. ಕೆಳಗೆ ಮುಂದೆ ಗುಂಡಿ ಇರುವ ನೈಟಿಗಳು, ಅಕ್ಕನಿಗೆ ಇಷ್ಟವಾದ ಪುದಿನ ಪೆಪ್ಪರಮೆಂಟಿನ ಡಬ್ಬಿ, ಉಣ್ಣೆಯ ಕಾಲುಚೀಲ. ಅವುಗಳನ್ನು ಮುಟ್ಟಲಿಲ್ಲ. ಕುರಿಚರ್ಮವನ್ನು ಮಾತ್ರ ಎತ್ತಿಕೊಂಡು, ಮುಚ್ಚಳ ಒತ್ತಿ, ಮತ್ತೆ ಬೀಗ ಹಾಕಿ ಗೋಡೆಗೆ ಒರಗಿಸಿದಳು.

"ಪೆಟ್ಟಿಗೆ ಇಲ್ಲೇ ಇರಲಿ ಮೇಡಂ," ಎಂದಳು. "ಇದೊಂದೇ ತಗೊಂಡ್ ಹೋಗ್ತೀನಿ."

ಅವಳ ಜೊತೆ ನಾನೂ ಹೋದೆ. ಅದನ್ನು ಮಡಿಸಿ ಮಗುವಿನ ಹಾಗೆ ಹೆಗಲಿಗೆ ಹಾಕಿಕೊಂಡಿದ್ದಳು. ಬೀದಿ ಕೊನೆಯ ತಿರುವಿನಲ್ಲಿ ಕಾಲುದಾರಿಯ ಕಲ್ಲು ಅಂದು ಒಡೆದದ್ದು ಹಾಗೆಯೇ ಇತ್ತು.

ಲಕ್ಷ್ಮೀಶರ ಮಂಚವನ್ನು ಹಾಲಿನಲ್ಲಿ ಹಾಕಿದ್ದರು. ಬಿಳಿಯ ಉಣ್ಣೆಯನ್ನು ಕಂಡೊಡನೆ ಅವರಿಗೆ ಗುರುತು ಸಿಕ್ಕಿತು.

"ಇದು ಭಾಗೀರಥಕ್ಕಂದು."

"ಹೌದು."

"ನಂಗ್ ಬೇಡ, ವಸಂತಾ."

ಅವಳು ಕೇಳಿಸಿಕೊಳ್ಳಲಿಲ್ಲ. ಬಲಗಾಲಿಗೆ ಕಂಬಿ ಹಾಕಿದ್ದರಿಂದ ಅವರು ಒಂದೇ ಮಗ್ಗುಲಿಗೆ ತಿರುಗಬಹುದಿತ್ತು. ವಸಂತಾ ಒಂದು ಕೈಯನ್ನು ಅವರ ಬೆನ್ನ ಕೆಳಗೆ ಕೊಟ್ಟು, ಇನ್ನೊಂದರಲ್ಲಿ ಕುರಿಚರ್ಮ ಹಿಡಿದು, ಜೂನ್ ತಿಂಗಳಿನಿಂದ ಆಡದಿದ್ದ ಮಾತನ್ನು ಆಡಿದಳು.

"ಎಡಕ್ಕೆ, ರೀ."

ಲಕ್ಷ್ಮೀಶರು ತಿರುಗಿದರು.